ಹನ್ನೆರಡು ನಿಮಿಷ ಮುಂದೆ

ಎಲ್ಜಿನ್ ಊರಿನ ಗಡಿಯಾರ ಕಾರ್ಖಾನೆ ಮುಚ್ಚಿದ ಮೇಲೆ
ವರ್ನಾ ಹ್ರುಷ್ಕಾ ನಮ್ಮ ಪ್ರಯೋಗಶಾಲೆಗೆ ಬಂದಳು.
ಇಪ್ಪತ್ತೆರಡು ವರ್ಷ ಕೂದಲೆಳೆಯ ಸ್ಪ್ರಿಂಗು ಕೂರಿಸಿದ ಬೆರಳು.
ಇಲ್ಲಿ ಟಂಗ್‌ಸ್ಟನ್ ತಂತಿ, ಮೇಲೆ ಚಿನ್ನದ ಲೇಪ,
ಎರಡು ಮಿಲಿಮೀಟರಿಗೊಂದರಂತೆ ಚೌಕಟ್ಟಿನ ತುಂಬ.
ಉಸಿರು ಬಿಗಿಹಿಡಿದು ಎಳೆದು, ಬೆಸುಗೆಯ ಚುಕ್ಕೆ ಇಟ್ಟು,
ಉಗುರಿನಿಂದ ಮೀಟಿ ಕಿವಿಗೊಡುವಳು.
ಸಡಿಲ ಎಂದರೆ ಸಡಿಲ.
ಮಾಪಕ ಆಮೇಲೆ ಒಪ್ಪಿಕೊಳ್ಳುತ್ತಿತ್ತು.

ಇಲಿನಾಯ್ ಬಯಲು. ಫೆಬ್ರವರಿ. ಬೇಲಿಯಾಚೆ
ಕಾಡೆಮ್ಮೆಗಳ ಬೆನ್ನ ಮೇಲೆ ಹಿಮ ಕರಗದೆ ಕೂತಿತ್ತು.
ರಾತ್ರಿ ಪಾಳಿ: ಟ್ರೇಲರಿನಲ್ಲಿ ನಾನು, ಇಂಗ್ವಾಲ್, ಸೀದ ಕಾಫಿ,
ಟೇಪಿನ ಚಕ್ರ ಉರುಳುವ ಸದ್ದು.

"ನನ್ನ ತಂತಿಗಳು ಏನನ್ನು ಹಿಡಿಯುತ್ತವೆ, ಹೇಳು."

ಲ್ಯಾಮ್ಡಾ, ಎಂದೆ. ಪ್ರೋಟಾನಿನ ದಾಯಾದಿ, ತುಸು ಭಾರ.
ವಿದ್ಯುತ್ತಿಲ್ಲ, ಆದರೂ ಒಡಲೊಳಗೊಂದು ಸೂಜಿಗಲ್ಲು.
ಸೇರಿಗೆ ಬರದು, ಬಳ್ಳಕ್ಕೆ ಬರದು,
ಅದರ ಮುಂದೆ ಗುಲಗಂಜಿಯೂ ಒಂದು ಬೆಟ್ಟ.
ಬುಗುರಿಯ ಹಾಗೆ ತಿರುಗುತ್ತ ಬರುತ್ತದೆ.
ಐದು ಮೀಟರಿನ ಅಯಸ್ಕಾಂತ ಎಷ್ಟು ಜಗ್ಗಿದರೂ
ದಾರಿ ಇಷ್ಟೂ ಬಾಗುವುದಿಲ್ಲ;
ಬುಗುರಿಯ ಅಚ್ಚು ಮಾತ್ರ ಒಳಗೊಳಗೇ ಹೊರಳುತ್ತದೆ.
ಎಷ್ಟು ಹೊರಳಿತೋ ಅಷ್ಟು ಸೂಜಿಗಲ್ಲಿನ ಬಲ.

"ಕಾಣದ್ದರ ಹೊರಳು ನೋಡುವುದು ಹೇಗೆ?"

ಅದು ಸಾಯಬೇಕು. ಸಾಯುವಾಗ ಒಂದು ಪ್ರೋಟಾನು,
ಒಂದು ಪಯಾನು ಬಿಟ್ಟುಹೋಗುತ್ತದೆ.
ತಾಯ ಅಚ್ಚು ತೋರಿದ ಕಡೆಗೆ ಪ್ರೋಟಾನಿಗೆ ಒಲವು.
ಒಲವು ಅಷ್ಟೆ, ಕಟ್ಟಳೆಯಲ್ಲ.
ಒಂದು ಸಾವು ಏನೂ ಹೇಳುವುದಿಲ್ಲ, ವರ್ನಾ.
ಮೂವತ್ತು ಲಕ್ಷ ಬೇಕು.

ಅವಳು ಮಾತಾಡಲಿಲ್ಲ. ಕಾಫಿ ತಣ್ಣಗಾಯಿತು.
ಅಳಿಯದೆ ಅಳತೆಯಿಲ್ಲ ಇವುಗಳಿಗೆ;
ಅಳುವವರಂತೂ ಯಾರೂ ಇಲ್ಲ.

ಮೂರನೇ ಮಹಡಿಯಲ್ಲಿ ಮಿರ್ಯಾನಾ ವುಕಾಸ್
ತನ್ನ ಲೆಕ್ಕದ ಹಾಳೆಯನ್ನು ಬಾಗಿಲಿಗೆ ಚುಚ್ಚಿದ್ದಳು:
ಒಳಗೆ ಮೂರು ಕ್ವಾರ್ಕು. ಅಪ್ಪು, ಡೌನು
ಮುನಿದವರಂತೆ ತಿರುಗಿ ಕೂತು ಒಂದನ್ನೊಂದು ಅಳಿಸಿಕೊಂಡಿವೆ.
ಉಳಿದದ್ದೆಲ್ಲ ಸ್ಟ್ರೇಂಜಿನ ಹೆಗಲಿಗೆ.
ಮೈನಸ್ ಸೊನ್ನೆ ಬಿಂದು ಆರು ಒಂದು.
ಮೈನಸ್ ಅಂದರೆ, ಬುಗುರಿ ಒಂದು ಕಡೆಗೆ,
ಸೂಜಿ ಎದುರು ಕಡೆಗೆ.

ಏಪ್ರಿಲಿನಲ್ಲಿ ನಮ್ಮ ಟೇಪುಗಳು ಹೇಳಿದ್ದೂ ಅದನ್ನೇ.
ಇಂಗ್ವಾಲ್ ಕುರ್ಚಿ ಹತ್ತಿ ಕೂಗಿದ.
ನಾನು ನಂಬದೆ ನಾಲ್ಕು ಸಲ ಕೂಡಿದೆ.

ಆಮೇಲೆ ಕ್ಸೈ ಬಂತು. ಅದೇ ಸೂತ್ರ, ಅದೇ ಸೀಮೆಸುಣ್ಣ;
ಹಾಳೆಯಲ್ಲಿ ಅರೆ, ಯಂತ್ರದಲ್ಲಿ ಅದಕ್ಕಿಂತ ಕಾಲುಪಾಲು ಮೀರಿ.
ಮಿರ್ಯಾನಾ ಹಾಳೆ ಕಿತ್ತು ಬಿಸಾಡಲಿಲ್ಲ,
ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಳು:
ತಂಗಿ ಒಪ್ಪಿದಳು. ಅಕ್ಕ ಇನ್ನೂ ಇಲ್ಲ.

ವರ್ನಾಳ ಕೈಯಲ್ಲಿ ಸತ್ತ ಗಂಡನ ಗಡಿಯಾರವಿತ್ತು,
ಪಟ್ಟಿಗೆ ಹೊಸ ತೂತು ಕೊರೆದು ಬಿಗಿದದ್ದು.
ಅಯಸ್ಕಾಂತದ ಬಳಿ ಗಡಿಯಾರ ಕೂಡದೆಂಬ ಹಳದಿ ಫಲಕ
ಅವಳ ಕೈಬರಹವೇ. ಒಂದು ದಿನ ಮರೆತಳು.
ಅಂದಿನಿಂದ ಅದು ದಿನಕ್ಕೆ ಹನ್ನೆರಡು ನಿಮಿಷ ಮುಂದೆ ಓಡಿತು.
"ಸ್ಪ್ರಿಂಗಿನ ಸುತ್ತಿಗೆ ಸುತ್ತು ಅಂಟಿದೆ," ಎಂದಳು,
ನಾಡಿ ಹಿಡಿದವಳ ಹಾಗೆ.
ಕಾಂತ ಇಳಿಸುವ ಸುರುಳಿ ನನ್ನ ಮೇಜಿನ ಮೇಲೇ ಇತ್ತು,
ಅರೆ ನಿಮಿಷದ ಕೆಲಸ. ಕೊಡು ಎಂದೆ.
ಕೊಡಲಿಲ್ಲ.

ಬದಲಿಗೆ ಪ್ರತಿ ಬೆಳಗ್ಗೆ ಲಾಗ್ ಪುಸ್ತಕದ ಹಿಂಬದಿಯಲ್ಲಿ
ಹನ್ನೆರಡು. ಹನ್ನೆರಡೂವರೆ. ಹನ್ನೊಂದೂ ಮುಕ್ಕಾಲು.
ಕೆಳಗೊಂದು ಗೆರೆ, ಗೆರೆಯ ಕೆಳಗೆ ಸರಾಸರಿ,
ಪಕ್ಕದಲ್ಲಿ ದೋಷದ ಅಂದಾಜು. ನನ್ನಿಂದಲೇ ಕಲಿತದ್ದು.

ಪ್ರಬಂಧದಲ್ಲಿ ಹದಿನಾಲ್ಕು ಹೆಸರು. ಅವಳದಿಲ್ಲ.
ಚೌಕಟ್ಟುಗಳು ಯಾವುದೋ ಉಗ್ರಾಣದ ಮರದ ಪೆಟ್ಟಿಗೆಯಲ್ಲಿವೆ.
ಲಾಗ್ ಪುಸ್ತಕ ಹೇಗೋ ನನ್ನ ಬಳಿ ಉಳಿಯಿತು.
ಅವಳ ಕೊನೆಯ ಸಾಲಿನಲ್ಲಿ ಅಂಕಿ ಇಲ್ಲ:

ಅಕ್ಟೋಬರ್ ಒಂಬತ್ತು. ಕೀ ಕೊಡಲು ಮರೆತೆ.